ಹದಿಮೂರು ಅಡಿ

ಚಿಕ್ಕಬಳ್ಳಾಪುರದ ಕಡೆಯಿಂದ ಹೈವೇಯಲ್ಲಿ ಬಂದರೆ, ಪೆರೇಸಂದ್ರ ಇನ್ನೊಂದು ಮೈಲಿ ಇರುವಾಗ ಬಲಗಡೆ ಡಿವೈಡರಿನಲ್ಲಿ ಒಂದು ಸಂದು ಸಿಗುತ್ತದೆ. ಆ ಸಂದಿಗಿಂತ ಇಪ್ಪತ್ತೆರಡು ಹೆಜ್ಜೆ ದಕ್ಷಿಣಕ್ಕೆ, ರಸ್ತೆಯ ಎಡ ಅಂಚಿನ ಬಿಳಿ ಗೆರೆಯಿಂದ ಮೂರು ಹೆಜ್ಜೆ ಹೊರಗೆ, ಮಣ್ಣಿನ ಮೇಲೆ ನಾನು ನಿಂತಿದ್ದೆ. ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಎರಡನೆಯ ಬುಧವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಆಗತಾನೇ ಗಡಿಯಾರ ನೋಡಿದ್ದೆ, ಏಳೂಕಾಲಿಗೆ ಬರಬೇಕಿದ್ದ ಬಸ್ಸು ಬಂದಿರಲಿಲ್ಲ. ಮಂಜು ಪೂರ್ತಿ ಕರಗಿತ್ತು. ರಸ್ತೆ ಒಣಗಿತ್ತು.

ಹೆಜ್ಜೆ ಎಂದರೆ ನನ್ನ ಹೆಜ್ಜೆ, ಎರಡೂವರೆ ಅಡಿ. ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದಿದ್ದೇನೆ. ಸರಪಳಿ ಹಿಡಿದು ಶುರುಮಾಡಿದವನು ಮಷೀನು ಬಂದ ಮೇಲೆ ನಿವೃತ್ತನಾದೆ. ಕಾಲಿನ ಲೆಕ್ಕ ಮಾತ್ರ ಬಿಟ್ಟುಹೋಗಲಿಲ್ಲ. ಇದನ್ನು ಹೇಳುವುದು ಹೆಮ್ಮೆಗಲ್ಲ. ಮುಂದೆ ನಾನು ಹೇಳುವ ಅಳತೆಗಳನ್ನು ಒಬ್ಬ ಹೆಣ್ಣುಮಗಳು ನಂಬಬೇಕಾಯಿತು, ಅದಕ್ಕೆ.

ಆ ಹೊತ್ತಿಗೆ ದಕ್ಷಿಣದಿಂದ ಎರಡು ಪಿಕಪ್ ಗಾಡಿಗಳು ಬಂದವು. ಎರಡರಲ್ಲೂ ರೇಷ್ಮೆ ಗೂಡು. ಮುಂದಿನದನ್ನು ಓಡಿಸುತ್ತಿದ್ದವನು ನನ್ನ ದೊಡ್ಡಪ್ಪನ ಮೊಮ್ಮಗ. ನನ್ನನ್ನು ಚಿಕ್ಕಪ್ಪ ಎನ್ನುತ್ತಿದ್ದ, ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಹಿಂದಿನದರಲ್ಲಿ ಅವನ ಹೆಂಡತಿಯ ತಮ್ಮ. ಆ ಹುಡುಗನ ಊರು ದಿಬ್ಬೂರಹಳ್ಳಿ ಕಡೆ, ಅಕ್ಕನ ಮದುವೆಯಾದ ಮೇಲೆ ಇಲ್ಲೇ ಬಂದು ಭಾವನ ಜೊತೆ ಪಾಲಿನಲ್ಲಿ ಹುಳು ಸಾಕುತ್ತಿದ್ದ. ಇಬ್ಬರೂ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟಿದ್ದರು. ಚಿಕ್ಕಬಳ್ಳಾಪುರ ಪೇಟೆಯ ಗದ್ದಲ ಬೇಡವೆಂದು ಆ ಸಂದಿನಲ್ಲಿ ಬಲಕ್ಕೆ ತಿರುಗಿ, ದಿಬ್ಬೂರಹಳ್ಳಿಯ ಮೇಲೆ ಹೋಗುವುದು ಅವರ ದಾರಿ.

ಮುಂದಿನ ಗಾಡಿ ನನ್ನನ್ನು ದಾಟುವಾಗ ನಲವತ್ತರಲ್ಲಿತ್ತು. ಅವನು ಗೂಡು ತುಂಬಿದಾಗ ನಲವತ್ತು ಮೀರಿಸುತ್ತಿರಲಿಲ್ಲ, ಚೀಲ ಒಂದರ ಮೇಲೊಂದು ಕುಣಿದರೆ ಗೂಡು ನಜ್ಜಾಗುತ್ತದೆ ಎಂದು. ಇಬ್ಬರೂ ಡಿವೈಡರಿಗೆ ಅಂಟಿದ ಬಲಗಡೆಯ ಸಾಲಿನಲ್ಲಿದ್ದರು. ಅದು ವೇಗವಾಗಿ ಹೋಗುವವರ ಸಾಲು. ಆದರೆ ಸಂದು ಬಂದಾಗ ಬಲಕ್ಕೆ ಬರೋಣವೆಂದರೆ ಕಾರಿನವರು ಬಿಡುವುದಿಲ್ಲವಾದ್ದರಿಂದ ನಮ್ಮ ಕಡೆಯವರು ಒಂದು ಮೈಲಿ ಮೊದಲೇ ಅಲ್ಲಿ ಸೇರಿಕೊಳ್ಳುತ್ತಾರೆ.

ಎರಡು ಗಾಡಿಗಳ ನಡುವೆ ನನಗೆ ಡಿವೈಡರಿನ ಕಪ್ಪು-ಬಿಳಿ ಪಟ್ಟಿಗಳು ಕಂಡವು. ಆರು ಪಟ್ಟಿ, ಏಳನೆಯದು ಅರ್ಧ. ಯಾಕೆ ಎಣಿಸಿದೆ ಎಂದರೆ ಹೇಳಲಾರೆ. ಎಣಿಸುವುದು ನನ್ನ ಕಣ್ಣಿನ ಚಾಳಿ. ಹಿಂದಿನ ಗಾಡಿಯ ಹಿಂದೆ, ಬಹಳ ದೂರದಲ್ಲಿ, ಒಂದು ಬಿಳಿ ಕಾರು. ನಾನು ನೋಡಿದಾಗ ಅದು ಬೆರಳಿನಷ್ಟಿತ್ತು. ಮತ್ತೆ ನೋಡುವಷ್ಟರಲ್ಲಿ ಅದರ ಲೈಟು ಮಿನುಗುವುದು, ಹಾರ್ನ್ ಒಂದೇ ಸಮ ಹೊಡೆಯುವುದು ಎರಡೂ ತಿಳಿಯುವಷ್ಟು ಹತ್ತಿರ ಬಂದಿತ್ತು. ನಲವತ್ತರಲ್ಲಿ ಹೋಗುವವನಿಗೆ ಅಂಥ ಕಾರು ಹಿಂದಿನಿಂದ ಬರುವುದಿಲ್ಲ, ಬೀಳುತ್ತದೆ. ಹಿಂದಿನ ಗಾಡಿಯ ಹುಡುಗ ತಲೆ ಎತ್ತಿ ಕನ್ನಡಿ ನೋಡಿದ. ಅದು ನನಗೆ ಕಂಡಿತು.

ಅದೇ ಗಳಿಗೆಯಲ್ಲಿ ಮುಂದಿನವನು ಸಂದಿಗೆ ಮುಟ್ಟಿದ. ಎದುರು ದಾರಿಯಲ್ಲಿ ಬಾಗೇಪಲ್ಲಿ ಕಡೆಯಿಂದ ಲಾರಿ ಬರುತ್ತಿತ್ತು. ಅದಕ್ಕಿಂತ ಮೊದಲು ನುಗ್ಗಿಬಿಡಲು ಅವನು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದ. ಮರುಗಳಿಗೆ ಬೇಡವೆನಿಸಿರಬೇಕು, ಬ್ರೇಕ್ ಒತ್ತಿದ. ಗಾಡಿ ನಿಂತಿತು, ಚಕ್ರ ಮಾತ್ರ ಬಲಕ್ಕೆ ತಿರುಗಿಯೇ ಇತ್ತು. ಹಿಂದಿನ ಗಾಡಿ ಬಂದು ಹೊಡೆಯಿತು. ಚಕ್ರ ನೇರ ಇದ್ದಿದ್ದರೆ ಅವನ ಗಾಡಿ ಮುಂದಕ್ಕೆ ಹೋಗುತ್ತಿತ್ತು, ಖಾಲಿ ರಸ್ತೆ. ತಿರುಗಿದ್ದರಿಂದ ಸಂದಿನ ಆಚೆಗೆ, ಲಾರಿಯ ಎದುರಿಗೆ ಹೋಯಿತು. ಬಿಳಿ ಕಾರು ಎಡಕ್ಕೆ ಹೊರಳಿ ನನ್ನ ಪಕ್ಕದಲ್ಲೇ, ಕೈ ಚಾಚಿದರೆ ತಾಗುವಷ್ಟು ಹತ್ತಿರ ಹಾದುಹೋಯಿತು. ನಿಲ್ಲಲಿಲ್ಲ. ನಂಬರು ನೋಡಲಿಲ್ಲ, ನೋಡಿದೆ ಎಂದು ಎಲ್ಲಿಯೂ ಹೇಳಿಲ್ಲ.

ನಮ್ಮವನು ಚಿಕ್ಕಬಳ್ಳಾಪುರ ಮುಟ್ಟುವ ಮುಂಚೆ ಆಂಬ್ಯುಲೆನ್ಸಿನಲ್ಲೇ ತೀರಿಕೊಂಡ. ರಸ್ತೆಯ ತುಂಬ ಗೂಡು ಚೆಲ್ಲಿತ್ತು. ಲಾರಿಯ ಡ್ರೈವರು ಕೆಳಗಿಳಿದು ಎರಡು ಕೈಯಲ್ಲೂ ತಲೆ ಹಿಡಿದುಕೊಂಡು "ನಾ ತಪ್ಪು ಕಾದು ಸಾರ್, ನನ್ ತಪ್ಪಲ್ಲ, ಸೂಸಾರು ಕದಾ, ನೀವೇ ನೋಡಿದ್ರಲ್ಲಾ" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನನಗೇ ಹೇಳುತ್ತಿದ್ದ. ಹುಡುಗನ ಗಲ್ಲ ಒಡೆದಿತ್ತು.

ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡ ಪೊಲೀಸಿನವರು ಹಿಂದಿನ ಗಾಡಿಯದು ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆದರು.

"ಅತಿವೇಗ ಅಲ್ಲ ಸ್ವಾಮಿ, ನಲವತ್ತರಲ್ಲಿದ್ರು" ಎಂದೆ.

"ಯಜಮಾನ್ರೇ, ಅದು ಹಂಗೇ ಬರ್ಯೋದು. ನಲವತ್ತರಲ್ಲಿ ಯಾರಾದ್ರೂ ಸಾಯ್ತಾರಾ?"

"ಸತ್ರಲ್ಲ."

ಅವರು ನನ್ನ ಮುಖ ನೋಡಿ, ಪೆನ್ನು ಕೆಳಗಿಟ್ಟು, "ನೀವು ಹೇಳೋದ್ನೂ ಬರೀತೀನಿ, ನಿಧಾನಕ್ಕೆ ಹೇಳಿ" ಎಂದರು. ಹೇಳಿದೆ. ಓದಿ ನೋಡಿ ಸಹಿ ಹಾಕಿದೆ. ಹುಡುಗನನ್ನು ಜಾಮೀನಿನ ಮೇಲೆ ಬಿಟ್ಟರು. ಅವನು ನಮ್ಮ ಊರಿಗೆ ಬರಲಿಲ್ಲ, ತನ್ನ ಊರಿಗೆ ಹೋದ. ಬರಬೇಡವೆಂದು ಅಕ್ಕನೇ ಹೇಳಿ ಕಳಿಸಿದ್ದಳು.

ಹನ್ನೊಂದನೆಯ ದಿನ ತಿಥಿ. ಆ ದಿನ ಗಂಡನನ್ನು ಕಳೆದುಕೊಂಡವಳಿಗೆ ತವರಿನವರು ಸೀರೆ ತಂದು ಹೊದಿಸಬೇಕು. ಅವಳಿಗೆ ತವರು ಎಂದರೆ ಈ ತಮ್ಮ ಒಬ್ಬನೇ, ಅಪ್ಪ ಅಮ್ಮ ಇಬ್ಬರೂ ಇಲ್ಲ. ಅವನು ಬರದಿದ್ದರೆ ಆ ಬಾಗಿಲು ಅಲ್ಲಿಗೆ ಮುಚ್ಚಿದ ಹಾಗೆ. ಆಮೇಲೆ ಯಾವ ಹಬ್ಬಕ್ಕೂ ಯಾವ ಮದುವೆಗೂ ಅದು ತೆರೆಯುವುದಿಲ್ಲ. ಊರಿನಲ್ಲಿ ಹತ್ತು ಜನ ಹೇಳಿ ನೋಡಿದರು. "ಅವನೇ ಗುದ್ದಿ ಕೊಂದ, ಅವನ ಕೈಲಿ ಸೀರೆ ಇಸ್ಕೋಬೇಕಾ?" ಎಂದು ಕೇಳಿದಳಂತೆ.

ಸಾವಾದ ಮೂರನೆಯ ದಿನ ಹುಡುಗ ನನಗೆ ಫೋನ್ ಮಾಡಿದ.

"ಮಾವ, ಅಕ್ಕಂಗೆ ಒಂದ್ ಮಾತು ಹೇಳ್ತೀರಾ?"

"ಏನಪ್ಪ?"

"ಬ್ರೇಕ್ ಲೈಟ್ ಕಾಣಿಸ್ಲಿಲ್ಲ ಮಾವ. ದುಪ್ಪಟಿ ಇಳಿಬಿದ್ದಿತ್ತು ಲೈಟ್ ಮೇಲೆ. ನೀವೂ ನೋಡಿದೀರ ಅಲ್ವಾ?"

ನೋಡಿದ್ದೆ. ಗೂಡಿಗೆ ಗಾಳಿಯೂ ಆಡಬೇಕು, ಬಿಸಿಲೂ ತಾಕಬಾರದು, ಅದಕ್ಕೆ ಟಾರ್ಪಾಲು ಹಾಕುವುದಿಲ್ಲ, ಹಳೆಯ ಹತ್ತಿ ದುಪ್ಪಟಿ ಹೊದಿಸಿ ಕಟ್ಟುತ್ತಾರೆ. ಅದರ ಒಂದು ಮೂಲೆ ಹಗ್ಗದಿಂದ ಜಾರಿ ಎಡಗಡೆಯ ಲೈಟಿನ ಮೇಲೆ ಬಿದ್ದಿತ್ತು. ಬಲಗಡೆಯ ಲೈಟು ನಾನು ನಿಂತ ಜಾಗದಿಂದ ಕಾಣುತ್ತಿರಲಿಲ್ಲ. ಇಷ್ಟನ್ನು ಹೇಳಿದರೆ ಹುಡುಗನ ಹೊರೆ ಅರ್ಧ ಇಳಿಯುತ್ತಿತ್ತು. ಆದರೆ ಆ ಬೆಳಿಗ್ಗೆ ದುಪ್ಪಟಿ ಕಟ್ಟಿದವಳು ಅವನ ಅಕ್ಕ. ಗೋಡೆಯ ಆಚೆಯಿಂದ ಅವಳು ಹಗ್ಗ ಎಳೆದು ಗಂಟು ಹಾಕಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

"ನೋಡ್ತೀನಿ" ಎಂದು ಫೋನ್ ಇಟ್ಟೆ.

ಕೂತಲ್ಲಿ ಕೂರಲಾಗಲಿಲ್ಲ. ಮಾರನೆಯ ದಿನ ಟೇಪು ಹಿಡಿದು ಆ ಸಂದಿಗೆ ಹೋದೆ. ನಾನು ನಿಂತಿದ್ದ ಕಡೆಯೇ ಹುಣಸೆಮರದ ಕೆಳಗೆ ಸೀಬೆಹಣ್ಣು ಮಾರುವ ಹೆಂಗಸು ಕೂತಿರುತ್ತಾಳೆ, ಅಂದೂ ಇದ್ದಳು. ಡಿವೈಡರಿಗೆ ಟೇಪು ಹಿಡಿದದ್ದು ನೋಡಿ ಬುಟ್ಟಿ ಬಿಟ್ಟು ಎದ್ದು ನಿಂತಳು.

"ಏನ್ ಸ್ವಾಮಿ, ರೋಡ್ ಅಗಲ ಮಾಡ್ತಾರಾ? ನನ್ ಮರ ಹೋಗ್ತದಾ?"

"ಇಲ್ಲ ಕಣಮ್ಮ. ಬುಧವಾರದ್ದು ಅಳೀತಾ ಇದೀನಿ."

"ಆದದ್ನ ಏನ್ ಅಳೀತೀರ! ಎರಡೂ ಒಂದಕ್ಕೊಂದು ಹಗ್ಗ ಕಟ್ಕೊಂಡ್ ಬಂದಂಗೆ ಬಂದ್ವು. ನಾನೇ ಅಂದ್ಕಂಡೆ, ಒಂದು ಕೆಟ್ಟೋಗಿದೆ, ಎಳ್ಕೊಂಡ್ ಹೋಗ್ತಾವ್ರೆ ಅಂತ."

ಒಂದು ಪಟ್ಟಿ ಎರಡು ಅಡಿ. ಆರೂವರೆ ಪಟ್ಟಿ ಎಂದರೆ ಹದಿಮೂರು ಅಡಿ. ನಾನು ನಿಂತ ಕೋನಕ್ಕೆ ಒಂದಡಿ ಹೆಚ್ಚು ಕಡಿಮೆ ಬಿಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಹಿಂದಿನ ಗಾಡಿ ಬ್ರೇಕ್ ಹಾಕಿದ ಕಪ್ಪು ಗೆರೆ ಟಾರಿನ ಮೇಲೆ ಎಲ್ಲೂ ಇರಲಿಲ್ಲ.

ಅದರ ಮಾರನೆಯ ದಿನ ಗೌರಿಬಿದನೂರಿಗೆ ಹೋದೆ. ಅಲ್ಲಿ ಡ್ರೈವಿಂಗ್ ಕಲಿಸುವ ಒಬ್ಬರು ನನಗೆ ಹಳೆಯ ಪರಿಚಯ. ನಲವತ್ತರಲ್ಲಿ ಹೋಗುವ ಗಾಡಿಗೆ ಎಷ್ಟು ಜಾಗ ಬೇಕು ಎಂದು ಕೇಳಿದೆ.

"ಎರಡು ಸೆಕೆಂಡ್ ಬಿಡಿ ಅಂತ ಹೇಳ್ಕೊಡ್ತೀವಿ ಸಾರ್. ಲೈಸೆನ್ಸ್ ಕೈಗೆ ಬಂದ್ ದಿನ ಮರೀತಾರೆ."

"ಸೆಕೆಂಡ್ ಬೇಡ, ಅಡಿ ಹೇಳಿ."

"ಕಣ್ಣಿಗೆ ಕಂಡಿದ್ದು ಕಾಲಿಗೆ ಬರೋದಕ್ಕೇ ಒಂದು ಸೆಕೆಂಡ್ ಹಿಡಿತದೆ. ನಲವತ್ತರಲ್ಲಿ ಆ ಒಂದು ಸೆಕೆಂಡಲ್ಲಿ ಗಾಡಿ ಮೂವತ್ತಾರು ಅಡಿ ಹೋಗಿರ್ತದೆ. ಬ್ರೇಕ್ ಹಿಡಿಯೋದು ಆಮೇಲೆ."

"ಹದಿಮೂರು ಅಡಿ ಇದ್ರೆ?"

ಅವರು ನನ್ನ ಮುಂದೆ ಟೀ ಲೋಟ ಸರಿಸಿ, "ಇದ್ರೆ ಮುಂದಿನೋನು ನಿಲ್ಲಿಸ್ಬಾರ್ದು ಅಂತ ದೇವ್ರನ್ನ ಕೇಳ್ಕೋಬೇಕು" ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅರ್ಥವಾಯಿತು. ಲೈಟು ಕಂಡಿದ್ದರೂ ಒಂದೇ, ಕಾಣದಿದ್ದರೂ ಒಂದೇ. ಕಂಡದ್ದು ಕಾಲಿಗೆ ಇಳಿಯುವ ಮೊದಲೇ ಹದಿಮೂರು ಅಡಿ ಮುಗಿದಿರುತ್ತಿತ್ತು. ಅಂದರೆ ದುಪ್ಪಟಿಯ ಮಾತು ಹೇಳಿದರೆ ಹುಡುಗ ಸುಳ್ಳಾಗಿ ಪಾರಾಗುತ್ತಾನೆ, ಅಕ್ಕ ಸುಳ್ಳಾಗಿ ಸಿಕ್ಕಿಬೀಳುತ್ತಾಳೆ. ಅಳತೆ ಹೇಳಿದರೆ ಅವಳು ಬಿಡುಗಡೆಯಾಗುತ್ತಾಳೆ, ತಮ್ಮನ ಬಾಗಿಲು ಮುಚ್ಚುತ್ತದೆ. ನಾನು ಮುಂದಿನ ಸೀಟಿನಲ್ಲಿ ಕೂತು ಎದುರಿನ ಟ್ರ್ಯಾಕ್ಟರಿಗೂ ಬಸ್ಸಿಗೂ ನಡುವಿನ ಜಾಗವನ್ನು ಬಾಯಲ್ಲೇ ಎಣಿಸುತ್ತಿದ್ದೆನೆಂದು ಕಾಣುತ್ತದೆ. "ಒಂದು ಗುಂಟೆ, ಎರಡು ಗುಂಟೆ" ಎನ್ನಲು ಹೆಚ್ಚು ಕಡಿಮೆ ಎರಡು ಸೆಕೆಂಡು ಬೇಕು.

"ಏನ್ ಯಜಮಾನ್ರೇ, ರೋಡ್ ಅಳೀತಾ ಇದೀರಾ? ಖಾತೆ ಯಾರ್ ಹೆಸ್ರಿಗೆ ಮಾಡ್ತೀರಾ?" ಎಂದ ಡ್ರೈವರು. ಬಸ್ಸೆಲ್ಲ ನಕ್ಕಿತು.

"ಸ್ವಲ್ಪ ಹಿಂದಕ್ಕೆ ಬಿಡಪ್ಪ" ಎಂದೆ.

"ಹಿಂದಕ್ಕೆ ಬಿಟ್ರೆ ಮಧ್ಯಕ್ಕೆ ಇನ್ನೊಬ್ಬ ನುಗ್ತಾನೆ."

ಅದು ನನ್ನದೇ ಮಾತು.

ಅದರ ಹಿಂದಿನ ವರ್ಷ ನನ್ನ ಮುಕ್ಕಾಲು ಎಕರೆ ಹಿಪ್ಪುನೇರಳೆಯ ಗೂಡನ್ನೂ ಅವರದರ ಜೊತೆ ಹಾಕಿ, ನಾನು ಮುಂದಿನ ಗಾಡಿಯಲ್ಲಿ ಕೂತು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಮಾರುಕಟ್ಟೆಯ ಗೇಟಿನಲ್ಲಿ ಬಂದ ಸಾಲಿನಂತೆಯೇ ಒಳಗೆ ಬಿಡುತ್ತಾರೆ, ಬಿಟ್ಟ ಸಾಲಿನಂತೆಯೇ ಗೂಡು ಸುರಿಯುವ ಜಾಲರಿ ಸಿಗುತ್ತದೆ. ಅಕ್ಕಪಕ್ಕದ ಜಾಲರಿ ಸಿಕ್ಕರೆ ಕೊಳ್ಳಲು ಬಂದ ನೂಲು ತೆಗೆಯುವವರು ಎರಡನ್ನೂ ಒಂದೇ ಮನೆಯ ಮಾಲೆಂದು ಒಟ್ಟಿಗೆ ಕೈಯಾಡಿಸಿ ನೋಡುತ್ತಾರೆ. ಅವತ್ತು ನಮ್ಮ ಎರಡು ಗಾಡಿಗಳ ನಡುವೆ ಚಿಂತಾಮಣಿ ಕಡೆಯ ಒಂದು ಗಾಡಿ ನುಗ್ಗಿತು. ಹಿಂದಿನ ಗಾಡಿಯ ಗೂಡು ಶೆಡ್ಡಿನ ಆ ಕೊನೆಗೆ ಹೋಯಿತು. ಮಧ್ಯಾಹ್ನದವರೆಗೂ ಅದನ್ನು ಯಾರೂ ಮುಟ್ಟಲಿಲ್ಲ. ವಾಪಸು ಹೊರಡುವಾಗ ಎಲ್ಲರಿಗೂ ಸಿಟ್ಟು. ಆಗ ನಾನು ಹುಡುಗನಿಗೆ ಹೇಳಿದೆ: "ಇಷ್ಟು ಜಾಗ ಬಿಟ್ರೆ ಮಧ್ಯಕ್ಕೆ ಇನ್ನೊಬ್ಬ ನುಗ್ತಾನೆ ಕಣಯ್ಯ. ಬಾಲ ಹಿಡ್ಕೊಂಡು ಬಾ, ಬಿಡಬೇಡ."

ಅವನ ಭಾವ ಜೋರಾಗಿ ನಕ್ಕು, "ಕೇಳಿಸ್ಕೊಂಡ್ಯಾ, ಸರ್ವೆಯವ್ರೇ ಹೇಳಿದ್ಮೇಲೆ ಮುಗೀತು" ಎಂದಿದ್ದ. ಅಂದಿನಿಂದ ಅದು ಅವರ ಪದ್ಧತಿಯಾಯಿತು. ಊರಿನ ಉಳಿದ ಗೂಡಿನ ಗಾಡಿಗಳೂ ಅದನ್ನೇ ಕಲಿತವು. ಗೇಟಿನ ಮುಂದೆ, ಆಳು ನಡೆಯುವಷ್ಟು ನಿಧಾನದಲ್ಲಿ ಬೇಕಾಗಿದ್ದದ್ದನ್ನು ಮನೆಯ ಬಾಗಿಲಿನಿಂದಲೇ ಶುರುಮಾಡಿ ಹೈವೇಯ ಮೇಲೂ ಹಿಡಿದುಕೊಂಡೇ ಹೋಗುತ್ತಿದ್ದರು. ಇಡೀ ವರ್ಷ ಅದನ್ನು ನೋಡಿದ್ದೇನೆ. ಒಂದು ದಿನವೂ ಬೇಡ ಎನ್ನಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅವಳು ಹಿತ್ತಲ ಕಡೆಯ ಅಂಗಳದಲ್ಲಿ ಹುಳು ಸಾಕುವ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು. ಸೂತಕದಲ್ಲಿ ಹಾಗೆ ಮಾಡಬಾರದೆಂದು ಹೇಳುವವರು ಹೇಳಿದ್ದರು, ಅವಳು ಕೇಳಿರಲಿಲ್ಲ.

"ಬನ್ನಿ ಮಾವ" ಎಂದಳು. ಕೈ ನಿಲ್ಲಿಸಲಿಲ್ಲ. "ಅವನು ಫೋನ್ ಮಾಡಿದ್ನಂತೆ ನಿಮಗೆ."

"ಮಾಡಿದ್ದ."

"ದುಪ್ಪಟಿ ವಿಷಯ ನಂಗೂ ಗೊತ್ತು. ಗಾಡಿ ನೋಡೋಕೆ ಹೋದೋರು ಬಂದು ಹೇಳಿದ್ರು. ನಾನು ಕಟ್ಟಿದ್ದು. ಮೂಲೆ ಬಿಗೀಲಿಲ್ಲ ಅನ್ನಿಸ್ತು, ಹೊತ್ತಾಯ್ತು ಅಂತ ಅವ್ರು ಕೂಗಿದ್ರು, ಬಿಟ್ಟೆ." ಆಮೇಲೆ ತಟ್ಟೆ ಕೆಳಗಿಟ್ಟಳು. "ನೀವು ಅಲ್ಲೇ ಇದ್ರಿ. ಸುಳ್ಳು ಹೇಳಬೇಡಿ. ನನ್ನಿಂದ ಆಯ್ತಾ, ಅವನಿಂದ ಆಯ್ತಾ?"

ಅವಳನ್ನು ಬಚ್ಚಲ ಕಲ್ಲಿನ ಹತ್ತಿರ ನಿಲ್ಲಿಸಿ, ಅಲ್ಲಿಂದ ಐದು ಹೆಜ್ಜೆ, ಮೇಲೆ ಅರ್ಧ ಅಡಿ ನಡೆದು ತಿರುಗಿ ನಿಂತೆ. ಮಾತು ಮನೆಯೊಳಗಿನ ದನಿಯಲ್ಲೇ ಕೇಳುತ್ತಿತ್ತು.

"ಎರಡು ಗಾಡಿ ನಡುವೆ ಇದ್ದಿದ್ದು ಇಷ್ಟು."

"ಇಷ್ಟೇನಾ?"

"ಇಷ್ಟೇ. ಈಗ ಬ್ರೇಕ್ ಲೈಟ್ ಕಾಣ್ತು ಅಂದ್ಕೋ. ಚೆನ್ನಾಗೇ ಕಾಣ್ತು. ಕಾಲು ಬ್ರೇಕಿಗೆ ಹೋಗೋ ಹೊತ್ಗೆ ಗಾಡಿ ಎಲ್ಲಿರ್ತಿತ್ತು ಗೊತ್ತಾ?" ಎಂದು ಮತ್ತೆ ನಡೆದೆ. ಒಟ್ಟು ಮೂವತ್ತಾರು ಅಡಿಗೆ ಅಂಗಳ ಸಾಲದೆ ಹಿಂದಿನ ಬಾಗಿಲು ದಾಟಿ ಕೊಟ್ಟಿಗೆಯೊಳಗೆ ನಿಂತು ಕೂಗಿ ಹೇಳಬೇಕಾಯಿತು. "ಇಲ್ಲಿ! ದುಪ್ಪಟಿ ಸರಿಯಾಗಿ ಕಟ್ಟಿದ್ರೂ ಇಲ್ಲೇ."

ವಾಪಸು ಬಂದಾಗ ಅವಳು ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು.

"ಹಂಗಾದ್ರೆ ಅವನೇ" ಎಂದಳು.

"ಅಷ್ಟು ಹತ್ತಿರ ಬರೋಕೆ ಹೇಳ್ದೋನು ನಾನು."

ಗೇಟಿನ ದಿನದ್ದನ್ನೆಲ್ಲ ಹೇಳಿದೆ. ಹೇಳಿದ ಮಾತು ಹೇಳಿದ ಹಾಗೆಯೇ. ಅವಳ ಗಂಡ ನಕ್ಕದ್ದನ್ನೂ ಹೇಳಿದೆ. ಬಲಗಡೆಯ ಲೈಟು ನನಗೆ ಕಾಣಲಿಲ್ಲ ಎನ್ನುವುದನ್ನೂ, ಹುಡುಗ ಕನ್ನಡಿ ನೋಡಿದ್ದನ್ನೂ, ಕಾರಿಗೆ ಹೆದರಿ ನೋಡಿದನೆಂದು ನಾನು ತಿಳಿದಿರುವುದನ್ನೂ, ಅದು ಬರೀ ನನ್ನ ಊಹೆ ಎನ್ನುವುದನ್ನೂ ಹೇಳಿದೆ.

ಕೊಟ್ಟಿಗೆಯಲ್ಲಿ ಹಸು ಕೊಂಬನ್ನು ಗೂಟಕ್ಕೆ ಉಜ್ಜುತ್ತಿತ್ತು.

"ನಾನೂ ದಿನಾ ಬಾಗ್ಲಲ್ಲಿ ನಿಂತು ಕೂಗ್ತಿದ್ದೆ ಮಾವ" ಎಂದಳು ಆಮೇಲೆ. "ಹಿಂದೇನೇ ಹೋಗೋ, ಬಿಟ್ಬಿಟ್ಟೀಯ, ಅಂತ. ಅವತ್ತೂ ಕೂಗ್ದೆ. ಅವನು ಚಿಕ್ಕೋನಿಂದಲೂ ಹೇಳಿದ್ ಕೇಳೋ ಹುಡ್ಗ."

ಎದ್ದು ಒಳಗೆ ಹೋದಳು. ನನಗೆ ನಿಲ್ಲಬೇಕೋ ಹೋಗಬೇಕೋ ತಿಳಿಯಲಿಲ್ಲ. ಅವಳು ಫೋನ್ ಹಿಡಿದುಕೊಂಡು ಹೊರಗೆ ಬಂದಳು, ನನ್ನ ಕೈಗೆ ಕೊಟ್ಟಳು. "ನೀವೇ ಮಾತಾಡಿ. ನನ್ ಕೈಲಾಗಲ್ಲ. ನಾಡಿದ್ದು ಬಾ ಅನ್ನಿ. ಗಾಡಿ ತರಬೇಡ ಅನ್ನಿ."

ಅವನು ಬಸ್ಸಿನಲ್ಲಿ ಪೆರೇಸಂದ್ರಕ್ಕೆ ಬಂದು ಅಲ್ಲಿಂದ ನಡೆದು ಬಂದ. ಗಲ್ಲದ ಮೇಲೆ ಹೊಲಿಗೆ ಇನ್ನೂ ಇತ್ತು. ಸೀರೆ ಹೊದಿಸುವಾಗ ಸೆರಗು ಜಾರಿತು, ಅವಳೇ ಹಿಡಿದುಕೊಂಡಳು. ಮಾತಾಡಿಸಲಿಲ್ಲ. ಊಟಕ್ಕೆ ಎಲೆ ಹಾಕುವಾಗ ಮಾತ್ರ, ಬಾಗಿಲಲ್ಲಿ ನಿಂತಿದ್ದವನಿಗೆ, ಬೇರೆ ಕಡೆ ನೋಡುತ್ತ, "ಕೂತ್ಕೋ" ಎಂದಳು. ಅವನು ಕೂತ. ಆ ಒಂದು ಮಾತಿಗಿಂತ ಹೆಚ್ಚು ಆಗ ಇರಲಿಲ್ಲ. ಈಗ ಹಬ್ಬಕ್ಕೆ ಬರುತ್ತಾನೆ. ಗಾಡಿ ಮುಟ್ಟುವುದಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ಕರೆದಾಗ ಹೋಗಿ ಇದನ್ನೇ ಹೇಳುತ್ತೇನೆ, ನನ್ನ ಮಾತನ್ನೂ ಸೇರಿಸಿ. ಅಲ್ಲಿ ಅದು ಬೇಕಾಗುತ್ತದೋ ಇಲ್ಲವೋ ತಿಳಿಯದು.

ನಮ್ಮ ಊರಿನ ಗೂಡಿನ ಗಾಡಿಗಳು ಕೆಲವು ತಿಂಗಳು ದೂರ ದೂರ ಹೋದವು. ಈಗ ಮತ್ತೆ ಹತ್ತಿರವಾಗುತ್ತಿವೆ. ಬೆಳಿಗ್ಗೆ ಅವು ಹೊರಡುವಾಗ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ, ಮುಂದಿನದು ಹೋದ ಮೇಲೆ ಹಿಂದಿನದಕ್ಕೆ ಕೈ ಅಡ್ಡ ಹಿಡಿದು ಎರಡು ಗುಂಟೆ ಎಣಿಸಿ ಬಿಡುತ್ತೇನೆ. ಡ್ರೈವರುಗಳು ಬೈದುಕೊಳ್ಳುತ್ತಾರೆ. ತಿರುವಿನ ಆಚೆ ಏನು ಮಾಡುತ್ತಾರೋ ನನಗೆ ಕಾಣುವುದಿಲ್ಲ.

ಆ ಬುಧವಾರದ್ದನ್ನು ನನ್ನ ಜೊತೆ ಕಂಡವರು ನಾಲ್ಕು ಜನ. ಸಂದಿನ ಎದುರಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದ ಮುದುಕರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಬಲಗಡೆಯ ಲೈಟು ಕಾಣುವ ಜಾಗದಲ್ಲಿದ್ದವರು ಅವರೊಬ್ಬರೇ, ನಾನು ಹೋಗಿ ಕೇಳುವಷ್ಟರಲ್ಲಿ ಅವರಿಗೆ ಮಾತು ನಿಂತಿತ್ತು. ಸೀಬೆಹಣ್ಣಿನ ಹೆಂಗಸು ಇದ್ದಾಳೆ, ಅದೇ ಮರದ ಕೆಳಗೆ. ಲಾರಿಯ ಡ್ರೈವರು ಹಿಂದೂಪುರದ ಕಡೆಯವನು, ಈಗಲೂ ಲಾರಿ ಓಡಿಸುತ್ತಿದ್ದಾನೆಂದು ಕೇಳಿದ್ದೇನೆ. ನಾಲ್ಕನೆಯವನು ಆ ಹುಡುಗ. ಎಲ್ಲರಿಗಿಂತ ಹತ್ತಿರದಿಂದ ಕಂಡವನು ಅವನು, ಹದಿಮೂರು ಅಡಿಯಿಂದ. ಅವನೂ ಇದ್ದಾನೆ.